ತಿದ್ದಿದ ಕಣ್ಣು

ಮಂಗಳವಾರ, ಫೆಬ್ರವರಿ ೧೭

ಪ್ರೀತಿಯ ಕಡ್ಡಿ,

ನಾನು ಕ್ಷೇಮ. ನೀನು, ನಿನ್ನ ಮಂಡಿ, ನಿನ್ನ ಮನೆಯವರು, ಮೂವರೂ ಒಬ್ಬರಿಗೊಬ್ಬರು ತಂಟೆ ಕೊಡದೆ ಇದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಮೂರು ಪತ್ರಗಳೂ ತಲುಪಿವೆ. ಮೂರನೆಯದರಲ್ಲಿ, ಬದುಕಿದ್ದೀಯೋ ಇಲ್ಲವೋ ಅಷ್ಟನ್ನಾದರೂ ತಿಳಿಸು ಎಂದು ಕೇಳಿದ್ದೀಯ. ಬದುಕಿದ್ದೇನೆ. ತಡವಾದದ್ದಕ್ಕೆ ಬೈಯುವುದಿದ್ದರೆ ಇದನ್ನು ಪೂರ್ತಿ ಓದಿದ ಮೇಲೆ ಬೈ. ಬೈಯಲು ಇನ್ನೂ ಒಳ್ಳೆಯ ಕಾರಣ ಸಿಗುತ್ತದೆ.

ಮೊದಲು ಸನ್ಮಾನದ ವಿಷಯ ಮುಗಿಸುತ್ತೇನೆ. ಛಾಯಾಗ್ರಾಹಕರ ಸಂಘ ನಮ್ಮಿಬ್ಬರನ್ನೂ ವೇದಿಕೆಗೆ ಕರೆದು ಫಲಕ ಕೊಡುತ್ತದಂತೆ, ಅದರ ಮೇಲೆ ‘ಚಿತ್ರಕ್ಕೆ ಜೀವ ತುಂಬಿದ ಕೈಗಳು’ ಎಂದು ಕೆತ್ತಿಸುತ್ತಾರಂತೆ. ಮೂವತ್ತೊಂದು ವರ್ಷ ನಾವಿಬ್ಬರೂ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮುಂದೆ ಬೆನ್ನು ಬಗ್ಗಿಸಿ ಕೂತು ಊರಿನವರ ಮೊಡವೆ, ಮಚ್ಚೆ, ಎರಡನೆಯ ಗಲ್ಲಗಳನ್ನೆಲ್ಲ ಅಳಿಸಿದೆವಲ್ಲ, ಆಗ ಈ ಸಂಘದವರು ಎಲ್ಲಿದ್ದರು? ಹಿಂದಿನ ಕೋಣೆಯಲ್ಲಿ ಇಬ್ಬರು ಹೆಂಗಸರು ಕೂತಿದ್ದಾರೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಈಗ ಯಂತ್ರ ಅರೆಗಳಿಗೆಯಲ್ಲಿ ಅದನ್ನೆಲ್ಲ ಮಾಡುತ್ತದೆ. ಹಾಗಾಗಿ ನಮ್ಮನ್ನು ಹೊಗಳಿದರೆ ಯಾರ ಗಂಟೂ ಹೋಗುವುದಿಲ್ಲ. ನೀನು ಹೋಗು, ತೆಗೆದುಕೋ. ನಾನು ಬರುವುದಿಲ್ಲ. ಸಂಘದ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ದೊಡ್ಡವರಲ್ಲ ಅವರು.

ಕಾರಣ ಬಟಾಣಿ. ನನ್ನ ಮಗಳ ಒಬ್ಬನೇ ಮಗ, ಈಗ ಆರು ದಾಟಿದ್ದಾನೆ. ಅವನ ಎಡಗಣ್ಣು ಅವನ ಮುಖದಲ್ಲೇ ಉಳಿಯುತ್ತದೋ, ಅದನ್ನು ತೆಗೆದು ಕೃತಕ ಕಣ್ಣು ಕೂರಿಸುತ್ತಾರೋ ಎಂಬುದನ್ನು ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಏಳು ಜನ ಡಾಕ್ಟರು ಕೂತು ತೀರ್ಮಾನ ಮಾಡುತ್ತಾರೆ. ನಾನು ಈ ಪತ್ರವನ್ನು ಆಸ್ಪತ್ರೆಯ ಮೂರನೆಯ ಮಹಡಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮಗಳು ಒಳಗೆ ಅವನ ಜೊತೆ ಇದ್ದಾಳೆ.

ಶುರುವಿನಿಂದ ಹೇಳುತ್ತೇನೆ.

ಈ ಊರಿನ ಶಾಲೆಯವರು ವರ್ಷಕ್ಕೊಮ್ಮೆ ಮಕ್ಕಳ ಕಣ್ಣು ಪರೀಕ್ಷೆ ಮಾಡಿಸುತ್ತಾರೆ. ಗೇಟಿನ ಹತ್ತಿರ ಒಂದು ಫಲಕ ಬೇರೆ: ‘ದೃಷ್ಟಿ ತಪಾಸಣೆ, ನೂರಕ್ಕೆ ನೂರು.’ ಆ ನೂರನ್ನು ಸಂಪಾದಿಸಿದ ಬಗೆ ಕೇಳು. ಅಕ್ಷರದ ಹಲಗೆಯನ್ನು ಎಲ್ಲರಿಗೂ ಕಾಣುವಂತೆ ನೇತುಹಾಕಿ, ಮಕ್ಕಳನ್ನು ಅದರೆದುರೇ ಸಾಲಾಗಿ ನಿಲ್ಲಿಸುತ್ತಾರೆ. ಇಪ್ಪತ್ತನೆಯ ಮಗುವಿನ ಸರದಿ ಬರುವಷ್ಟರಲ್ಲಿ ಹಲಗೆ ಎಲ್ಲರಿಗೂ ಬಾಯಿಪಾಠ. ಅದೂ ಸಾಲದು ಎಂದು, ಕಾಲ ವ್ಯರ್ಥವಾಗಬಾರದೆಂದು ಟೀಚರಮ್ಮ ಹಿಂದಿನ ದಿನವೇ ಅಭ್ಯಾಸ ಮಾಡಿಸಿದ್ದರಂತೆ. ಬಟಾಣಿ ಮನೆಗೆ ಬಂದು ಆ ಅಕ್ಷರಗಳನ್ನು ಹಿಂದಿನಿಂದ ಮುಂದಕ್ಕೆ ಒಪ್ಪಿಸಿ ತೋರಿಸಿದ, ನಾವು ಚಪ್ಪಾಳೆ ತಟ್ಟಿದೆವು. ಒಂದು ಕಣ್ಣು ಮುಚ್ಚಿಕೋ ಎಂದಾಗ ಎಡಗೈಯಲ್ಲಿ ಎಡಗಣ್ಣು ಮುಚ್ಚಿಕೊಂಡನಂತೆ. ಈಗ ಇನ್ನೊಂದು ಎಂದಾಗ ಕೈ ಬದಲಾಯಿಸಿದ, ಕಣ್ಣು ಬದಲಾಯಿಸಲಿಲ್ಲ. ತಪಾಸಣೆ ಮಾಡಿದ ಮಹಾನುಭಾವ ತಲೆಯೆತ್ತಿ ನೋಡದೆ ಕಾಗದದ ಮೇಲೆ ಗುರುತು ಹಾಕಿಕೊಂಡ. ಎರಡು ವರ್ಷ ಹೀಗೇ ಪಾಸಾಗಿದ್ದಾನೆ ನಮ್ಮ ಹುಡುಗ.

ಕಳೆದ ನವೆಂಬರಿನಲ್ಲಿ ಆ ಕಣ್ಣು ಹೊರಗೆ ವಾಲತೊಡಗಿತು. ಕನ್ನಡಕದ ಅಂಗಡಿಯವನ ಹತ್ತಿರ ಕರೆದುಕೊಂಡು ಹೋದೆವು. ಗಾಜಿನ ಬೀರುವಿನ ಹಿಂದೆ ಬಿಳಿ ಕೋಟು ಹಾಕಿಕೊಂಡು ನಿಲ್ಲುವ ಇಂಥವರನ್ನು ಕಂಡರೆ ಜನ ಡಾಕ್ಟರೆಂದೇ ತಿಳಿಯುತ್ತಾರೆ, ಅವರೂ ಇಲ್ಲವೆನ್ನುವುದಿಲ್ಲ. ಇದು ಸೋಮಾರಿ ಕಣ್ಣು, ಒಳ್ಳೆಯ ಕಣ್ಣಿಗೆ ದಿನಾ ಎರಡು ಗಂಟೆ ಪಟ್ಟಿ ಅಂಟಿಸಿ, ಸೋಮಾರಿ ತಾನಾಗಿ ದುಡಿಯಲು ಕಲಿಯುತ್ತದೆ ಎಂದ. ಅವನ ಅಂಗಡಿಯಲ್ಲೇ ಪಟ್ಟಿಯೂ ಇತ್ತು, ಅದರ ಮೇಲೆ ಮೊಲದ ಚಿತ್ರವೂ ಇತ್ತು. ನಾವು ಅಂಟಿಸಿದೆವು. ಮನೆಯನ್ನು ತಲೆಕೆಳಗು ಮಾಡುತ್ತಿದ್ದ ಹುಡುಗ ಆ ಎರಡು ಗಂಟೆ ಸೋಫಾದ ಮೇಲೆ ಕೈ ತೊಡೆಯ ಮೇಲಿಟ್ಟುಕೊಂಡು ಅಲುಗದೆ ಕೂತಿರುತ್ತಿದ್ದ. ಎಷ್ಟು ಶಾಂತವಾಗಿಬಿಟ್ಟ ಎಂದು ನಮಗೆಲ್ಲ ಖುಷಿ. ಐದು ವಾರ ಕಳೆದ ಮೇಲೆ ಒಂದು ದಿನ ಅವನು ಬಚ್ಚಲಿಗೆ ಹೋಗಲೆಂದು ಎದ್ದು ಗೋಡೆ ತಡವುತ್ತಾ ನಡೆಯುವುದನ್ನು ಮಗಳು ನೋಡಿದಳು. ಏನೋ ಅದು ಎಂದರೆ, "ಇದು ಕತ್ತಲೆ ಆಟ ಅಲ್ವಾ ಅಮ್ಮ, ಎಲ್ರೂ ಆಡ್ತಾರೆ ಅಂದ್ಕೊಂಡಿದ್ದೆ" ಎಂದ.

ಹಾಗೆ ಈ ಆಸ್ಪತ್ರೆಗೆ ಬಂದೆವು.

ಕಾಯಿಲೆಯನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ಅವರ ಮಾತಿನಲ್ಲಿ ಹೇಳಿದರೆ ಅವರಿಗೇ ಅರ್ಥವಾಗುವುದು ಅನುಮಾನ. ಕಣ್ಣಿನ ಹಿಂಗೋಡೆಗೆ ಒಂದು ಪರದೆ ಅಂಟಿಕೊಂಡಿರುತ್ತದೆ, ರೆಟಿನಾ ಎನ್ನುತ್ತಾರೆ. ನಮ್ಮ ಕಸುಬಿನಲ್ಲಿ ಹೇಳುವುದಾದರೆ ಕ್ಯಾಮರಾದೊಳಗಿನ ಫಿಲ್ಮು. ಅದರ ಸಣ್ಣ ರಕ್ತನಾಳಗಳು ಕೆಲವು ಮಕ್ಕಳಲ್ಲಿ, ಹೆಚ್ಚಾಗಿ ಗಂಡುಮಕ್ಕಳಲ್ಲಿ, ಸಾಮಾನ್ಯವಾಗಿ ಒಂದೇ ಕಣ್ಣಿನಲ್ಲಿ, ಯಾಕೆಂದು ಯಾರಿಗೂ ಸರಿಯಾಗಿ ತಿಳಿಯದೆ, ಬಲೂನಿನಂತೆ ಉಬ್ಬಿ ಸೋರತೊಡಗುತ್ತವೆ. ಸೋರಿದ ನೀರೂ ಹಳದಿ ಕೊಬ್ಬೂ ಪರದೆಯ ಹಿಂದೆ ತುಂಬಿಕೊಂಡು ಪರದೆಯನ್ನೇ ಗೋಡೆಯಿಂದ ಎಬ್ಬಿಸುತ್ತವೆ. ನೋವಿಲ್ಲ, ಕೆಂಪಾಗುವುದಿಲ್ಲ, ಮಗು ದೂರುವುದೂ ಇಲ್ಲ. ಬಹಳ ಅಪರೂಪವಂತೆ. ಯಾವುದೋ ಕಾಲದ ಡಾಕ್ಟರೊಬ್ಬರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಮಕ್ಕಳು ಕಣ್ಣು ಕಳೆದುಕೊಳ್ಳುತ್ತಾರೆ, ಡಾಕ್ಟರು ಹೆಸರು ಗಳಿಸುತ್ತಾರೆ.

ಇದೇ ಆಗಿದ್ದರೆ ಲೇಸರಿನಲ್ಲಿ ಆ ನಾಳಗಳನ್ನು ಸುಟ್ಟು ಕಣ್ಣನ್ನು ಉಳಿಸಿಕೊಳ್ಳಬಹುದು. ಆದರೆ ಮಕ್ಕಳ ಕಣ್ಣಿನಲ್ಲಿ ಬೆಳೆಯುವ ಒಂದು ಕ್ಯಾನ್ಸರ್ ಗಡ್ಡೆಯೂ ಹೊರನೋಟಕ್ಕೆ ಹೀಗೇ ಕಾಣುತ್ತದೆ. ಅದಾಗಿದ್ದು, ಇಷ್ಟು ದೂರ ಬಂದಿದ್ದರೆ, ಕಣ್ಣು ತೆಗೆಯಲೇಬೇಕು, ಇಲ್ಲವಾದರೆ ಮಗುವೇ ಉಳಿಯುವುದಿಲ್ಲ. ಸೂಜಿ ಹಾಕಿ ಪರೀಕ್ಷಿಸುವಂತಿಲ್ಲ, ಗಡ್ಡೆಯಾದರೆ ಸೂಜಿಯ ದಾರಿಯಲ್ಲೇ ಹೊರಗೆ ಹರಡುತ್ತದೆ. ಸ್ಕ್ಯಾನಿನಲ್ಲಿ ಒಂದು ಸಾಸಿವೆಯಷ್ಟು ಬಿಳಿ ಚುಕ್ಕಿ. ಅದು ಹೌದೂ ಆಗಬಹುದು, ಅಲ್ಲವೂ ಆಗಬಹುದು.

ದೊಡ್ಡ ಡಾಕ್ಟರು ನಮ್ಮ ಅಳಿಯನ ಜೊತೆ ಮಾತ್ರ ಮಾತಾಡುತ್ತಾರೆ. ಒಂಬತ್ತು ತಿಂಗಳು ಹೊತ್ತವಳು ಪಕ್ಕದಲ್ಲೇ ಕೂತಿರುತ್ತಾಳೆ, ಅವಳು ಕೇಳಿದ ಪ್ರಶ್ನೆಗೂ ಉತ್ತರ ಅಳಿಯನಿಗೇ. ಅಳಿಯ ಫೋನಿನಲ್ಲಿ ಓದಿಕೊಂಡು ಬಂದ ನಾಲ್ಕು ಪದಗಳನ್ನು ಇಟ್ಟುಕೊಂಡು ಎಲ್ಲದಕ್ಕೂ ತಲೆಯಾಡಿಸುತ್ತಾನೆ. ಬಟಾಣಿಗೆ ಅವರಿಟ್ಟ ಹೆಸರು ‘ಎಡಗಣ್ಣು.’ "ಎಡಗಣ್ಣು ಬಂತಾ?" ಎಂದು ಬಾಗಿಲಲ್ಲೇ ಕೇಳುತ್ತಾರೆ. ಮೊನ್ನೆ ಹದಿನಾಲ್ಕು ಜನ ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ, ನೋಡಿ, ಮತ್ತೆ ಸಿಗಲ್ಲ ಎಂದು ಒಬ್ಬೊಬ್ಬರಿಂದಲೂ ಮಗುವಿನ ಕಣ್ಣಿಗೆ ದೀಪ ಬಿಡಿಸಿದರು. ಹದಿನಾಲ್ಕನೆಯವಳ ಸರದಿ ಬಂದಾಗ ಬಟಾಣಿ, "ಅಕ್ಕ, ಒಳಗೆ ಏನೂ ಇಲ್ಲ, ಎಲ್ಲಾ ಅವರೇ ನೋಡ್ಬಿಟ್ರು" ಎಂದ. ಆ ಹುಡುಗಿ ಒಬ್ಬಳಿಗೆ ನಾಚಿಕೆಯಾಯಿತು. ಉಳಿದವರು ನಕ್ಕರು.

ಅಲ್ಲಿ ಮನುಷ್ಯರಂತೆ ಮಾತಾಡುವ ಒಬ್ಬಳು ಸಣ್ಣ ಡಾಕ್ಟರಿದ್ದಾಳೆ. ಅವಳೇ ಕಳೆದ ವಾರ ನಮಗೆ ಹೇಳಿದ್ದು, ಮಗುವಿನ ಹಳೆಯ ಫೋಟೋಗಳಿದ್ದರೆ ತನ್ನಿ, ಫ್ಲಾಶ್ ಹಾಕಿ ತೆಗೆದವು ಎಂದು. ಸರಿಯಿರುವ ಕಣ್ಣಿಗೆ ಫ್ಲಾಶ್ ಬಿದ್ದರೆ ಪಾಪೆ ಕಪ್ಪಾಗಿ, ಇಲ್ಲವೇ ಕೆಂಪಾಗಿ ಬರುತ್ತದೆ. ಈ ಕಾಯಿಲೆ ಇದ್ದರೆ ಹಳದಿಯಾಗಿ ಹೊಳೆಯುತ್ತದೆ. ಯಾವ ಫೋಟೋದಿಂದ ಹಳದಿ ಶುರುವಾಗಿದೆ ಎಂದು ನೋಡಿದರೆ ಕಾಯಿಲೆಯ ವಯಸ್ಸು ತಿಳಿಯುತ್ತದೆ. ವರ್ಷಗಟ್ಟಲೆ ಮೆಲ್ಲಗೆ ಬಂದದ್ದಾದರೆ ರಕ್ತನಾಳದ್ದು ಎನ್ನಲು ಬಲ ಬರುತ್ತದೆ, ಕೆಲವೇ ತಿಂಗಳಲ್ಲಿ ಧುತ್ತೆಂದು ಬಂದದ್ದಾದರೆ ಗಡ್ಡೆಯ ಅನುಮಾನ.

ಕಡ್ಡಿ, ನಿನಗೆ ಈಗಾಗಲೇ ಅರ್ಥವಾಗಿರಬೇಕು.

ಶುಕ್ರವಾರ ನಾಲ್ಕು ಆಲ್ಬಮ್ಮು ಹೊತ್ತುಕೊಂಡು ಹೋದೆ. ನಮ್ಮ ಮನೆಯಲ್ಲಿ ಫೋಟೋ ತೆಗೆಯುವ ಹಕ್ಕು ನನ್ನೊಬ್ಬಳದೇ. ನನ್ನ ಕ್ಯಾಮರಾ, ನನ್ನ ಬೆಳಕು, ನನ್ನ ಪ್ರಿಂಟು. ದೊಡ್ಡ ಡಾಕ್ಟರು ಪುಟ ತಿರುಗಿಸುತ್ತಾ, ಯಾವ ಮನೆಯವರೂ ಇಷ್ಟು ಅಚ್ಚುಕಟ್ಟಾದ ಫೋಟೋ ತಂದಿಲ್ಲ ಎಂದರು. ನಾನು ಉಬ್ಬಿಹೋದೆ. ಹೌದು, ಅಂಥ ಹೊತ್ತಿನಲ್ಲೂ ಉಬ್ಬಿಹೋದೆ. ಅಕ್ಟೋಬರಿನ ಹುಟ್ಟುಹಬ್ಬದ ಫೋಟೋ ಬಂತು. ಎರಡು ಕಣ್ಣೂ ಕಪ್ಪು ಮಣಿಗಳ ಹಾಗೆ. ಡಾಕ್ಟರು ಆಲ್ಬಮ್ಮು ಮುಚ್ಚಿ ಅಳಿಯನ ಕಡೆ ತಿರುಗಿದರು. "ನಾಲ್ಕು ತಿಂಗಳ ಹಿಂದೆ ಕಣ್ಣು ಸ್ವಚ್ಛ ಇದೆ, ಇವತ್ತು ಪೂರ್ತಿ ತುಂಬಿದೆ. ಇಷ್ಟು ಬೇಗ ಬೆಳೆಯೋದನ್ನ ನಾನು ನಂಬಲ್ಲ. ತೆಗೆದುಬಿಡೋದೇ ಒಳ್ಳೇದು."

ಆ ಕಣ್ಣನ್ನು ಕಪ್ಪು ಮಾಡಿದವಳು ನಾನು.

ಯಾಕೆ ಮಾಡಿದೆ ಎಂದು ನೀನು ಕೇಳುವುದಿಲ್ಲ, ನಿನ್ನ ಕೈಯೂ ಅದೇ ಮೇಜಿನ ಮೇಲೆ ಬೆಳೆದದ್ದು. ಫೋಟೋದಲ್ಲಿ ತಪ್ಪು ಕಂಡರೆ ತಪ್ಪು ಫೋಟೋದ್ದು, ಮನುಷ್ಯನದಲ್ಲ, ಅದನ್ನೇ ಅಲ್ಲವೇ ನಾವು ಕಲಿತದ್ದು. ಬೆಳಕು ಓರೆಯಾಗಿ ಬಿತ್ತು, ಲೆನ್ಸಿನ ಮೇಲೆ ಧೂಳಿತ್ತು, ಕಾಗದ ಹಳತಾಗಿತ್ತು. ಬಟಾಣಿಯ ಎಡಗಣ್ಣಿನಲ್ಲಿ ಹಳದಿ ಕಂಡಾಗಲೆಲ್ಲ ಕೂದಲೆಳೆ ತೆಗೆದ ಹಾಗೆ ತೆಗೆದೆ. ಮೊದಲು ಕುಂಚದಲ್ಲಿ ಪ್ರಿಂಟಿನ ಮೇಲೆ ಮಾಡುತ್ತಿದ್ದದ್ದನ್ನು ಈಗ ಕಂಪ್ಯೂಟರಿನಲ್ಲಿ ಮಾಡುತ್ತೇನೆ, ಅಷ್ಟೇ ವ್ಯತ್ಯಾಸ. ಮೂಲ ಚಿತ್ರ ಇಟ್ಟುಕೊಂಡಿಲ್ಲ. ಸ್ಟುಡಿಯೋ ಯಜಮಾನರ ಕಟ್ಟಪ್ಪಣೆ ನೆನಪಿದೆಯಲ್ಲ, ತಿದ್ದದ ಹಸಿ ಫೋಟೋ ಈ ಕೋಣೆ ದಾಟಬಾರದು, ಹರಿದು ಬುಟ್ಟಿಗೆ ಹಾಕಿ ಎಂದು. ಯಜಮಾನರು ಹೋಗಿ ಹನ್ನೆರಡು ವರ್ಷವಾಯಿತು, ನಾನು ಇನ್ನೂ ಹರಿಯುತ್ತಿದ್ದೆ.

ಶುಕ್ರವಾರವೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಶನಿವಾರ ಬಿಡಲಿಲ್ಲ, ಭಾನುವಾರ ಬಿಡಲಿಲ್ಲ. ಶಾಲೆಯವರನ್ನೂ ಕನ್ನಡಕದವನನ್ನೂ ಅಷ್ಟು ಜೋರಾಗಿ ಬೈದವಳು ಮೂರು ದಿನ ಮಗಳ ಎದುರು ತರಕಾರಿ ಹೆಚ್ಚುತ್ತಾ ಸುಮ್ಮನಿದ್ದೆ. ನಿನ್ನೆ ಹೇಳಿದೆ. ಡಾಕ್ಟರ ಕೋಣೆಯಲ್ಲಿ, ಎಲ್ಲರ ಮುಂದೆ: "ಆ ಫೋಟೋ ನಂಬಬೇಡಿ. ಕಣ್ಣಿಗೆ ಕಪ್ಪು ಹಚ್ಚಿದ್ದು ನಾನು." ಮಗಳು ನನ್ನ ಕಡೆ ತಿರುಗಿ, "ಎಲ್ಲಾ ಫೋಟೋನೂನಾ ಅಮ್ಮ?" ಎಂದು ಕೇಳಿದಳು. ಎಲ್ಲಾ ಎಂದೆ.

ದೊಡ್ಡ ಡಾಕ್ಟರು ನಂಬಲಿಲ್ಲ. ಮನೆಯ ಹಿರಿಯರು ಕಣ್ಣು ತೆಗೆಯುವುದನ್ನು ತಪ್ಪಿಸಲು ಹೀಗೆಲ್ಲ ಹೇಳುವುದುಂಟು, ಬೇಜಾರು ಮಾಡಿಕೊಳ್ಳಬೇಡಿ ಎಂದು ಅಳಿಯನಿಗೇ ಸಮಾಧಾನ ಹೇಳಿದರು. ನಾನು ಹಟ ಹಿಡಿದದ್ದಕ್ಕೆ ಅಕ್ಟೋಬರಿನ ಫೋಟೋವನ್ನು ಪರದೆಯ ಮೇಲೆ ಗೋಡೆಯಷ್ಟು ದೊಡ್ಡದು ಮಾಡಿ ನೋಡಿದರು. ಸಣ್ಣ ಡಾಕ್ಟರೂ ಮೂಗು ತಾಗಿಸಿ ನೋಡಿದಳು. ಎಲ್ಲಿ ಅಜ್ಜಿ, ತೋರಿಸಿ ಎಂದರು. ನನಗೇ ತೋರಿಸಲಾಗಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದೆ ಕಣೇ. ಸಂಘದವರು ಬಂದು ನೋಡಬೇಕಿತ್ತು.

ನಾಳೆ ಹನ್ನೊಂದಕ್ಕೆ ಸಭೆ. ಕೈಯಲ್ಲಿ ಒಂದೂ ಪುರಾವೆಯಿಲ್ಲ. ಬೇರೆ ಯಾರಾದರೂ ತೆಗೆದ ಫೋಟೋ ಇದೆಯಾ ನೋಡಿ ಎಂದು ಸಣ್ಣ ಡಾಕ್ಟರು ಹೇಳಿದ್ದಾಳೆ. ಮಗಳು ಈಗಷ್ಟೇ ತನ್ನ ಅತ್ತೆಗೆ ಫೋನ್ ಮಾಡುತ್ತಿದ್ದಳು. ನನ್ನ ಬೀಗಿತಿಯ ಫೋಟೋ ಎಂದರೆ ನಿನಗೆ ಗೊತ್ತಲ್ಲ. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ.

*

ಭಾನುವಾರ, ಮಾರ್ಚ್ ೧

ಹನ್ನೆರಡು ದಿನ ಈ ಹಾಳೆಗಳು ಚೀಲದಲ್ಲೇ ಉಳಿದವು. ಕ್ಷಮಿಸು. ನಿನಗೆ ಮೊದಲು ತಿಳಿಯಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಕಣ್ಣು ತೆಗೆಯಲಿಲ್ಲ.

ಉಳಿಸಿದವರು ನನ್ನ ಬೀಗಿತಿ. ಅವರ ಬಗ್ಗೆ ನಾನು ನಿನಗೆ ಬರೆದ ಕೊಂಕುಗಳನ್ನೆಲ್ಲ ನೀನು ಇಟ್ಟುಕೊಂಡಿದ್ದರೆ ಸುಟ್ಟುಬಿಡು. ಅವರ ಫೋಟೋಗಳಲ್ಲಿ ಅತ್ಯಂತ ಸ್ಪಷ್ಟವಾಗಿ ಬರುವುದು ಅವರ ಹೆಬ್ಬೆರಳು ಎಂದು ಮದುವೆಯ ಮನೆಯಲ್ಲಿ ನಾಲ್ಕು ಜನರ ಮುಂದೆ ಹೇಳಿ ನಗಿಸಿದವಳು ನಾನು. ತಪ್ಪೇನೂ ಹೇಳಿರಲಿಲ್ಲ. ನೆಲ ಓರೆ, ತಲೆ ಅರ್ಧ, ನಡುಮಧ್ಯಾಹ್ನದ ಬಿಸಿಲಿನಲ್ಲೂ ಫ್ಲಾಶ್. ಕುಟುಂಬದ ಗುಂಪಿಗೆ ದಿನಕ್ಕೆ ನಲವತ್ತು ಕಳಿಸುತ್ತಾರೆ, ಅದರಲ್ಲಿ ಮೂವತ್ತು ಹೂವಿನ ಚಿತ್ರ. ನಾವ್ಯಾರೂ ತೆರೆಯುವುದಿಲ್ಲ, ಅವರ ಮಗನೂ ತೆರೆಯುವುದಿಲ್ಲ.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಕೈಚೀಲ ಹಿಡಿದುಕೊಂಡು ಬಂದರು. ಚೀಲದಲ್ಲಿ ಈಗಿನ ಫೋನು, ಅದರ ಹಿಂದಿನ ಫೋನು, ಅದಕ್ಕೂ ಹಿಂದಿನದು, ಮೂರಕ್ಕೂ ಬೇರೆ ಬೇರೆ ಚಾರ್ಜರು, ಮತ್ತು ಬಟಾಣಿಗೆ ಬಿಸ್ಕೆಟ್ಟು. ಅತಿ ಹಳೆಯದು ಸತ್ತುಬಿದ್ದಿತ್ತು. ಆ ಮಹಡಿಯಲ್ಲಿ ಇದ್ದದ್ದು ಕುಡಿಯುವ ನೀರಿನ ಯಂತ್ರದ ಪ್ಲಗ್ಗೊಂದೇ. ಬೀಗಿತಿ ಯಾರನ್ನೂ ಕೇಳದೆ ಅದನ್ನು ಕಿತ್ತು ಫೋನು ಸಿಕ್ಕಿಸಿದರು. ಕಾವಲಿನವನು ಓಡಿಬಂದು ಹಾಗೆಲ್ಲ ಮಾಡುವಂತಿಲ್ಲ, ಜನಕ್ಕೆ ನೀರು ಬೇಕು ಎಂದ. "ಅರ್ಧ ಗಂಟೆ ಬಾಯಾರಿದ್ರೆ ಯಾರೂ ಸಾಯಲ್ಲಪ್ಪ, ನೀನೂ ಕೂತ್ಕೋ" ಎಂದು ಅವನನ್ನೇ ಬೆಂಚಿನ ಮೇಲೆ ಕೂರಿಸಿ ಬಿಸ್ಕೆಟ್ಟು ಕೊಟ್ಟರು. ಹತ್ತೂ ಮುಕ್ಕಾಲಾದರೂ ಫೋನು ಏಳಲಿಲ್ಲ. ಏಳು ಡಾಕ್ಟರುಗಳಲ್ಲಿ ಐದು ಜನ ನಮ್ಮ ಮುಂದೆಯೇ ಸಭೆಯ ಕೋಣೆಗೆ ಹೋದರು, ಒಬ್ಬರ ಕೈಯಲ್ಲಿ ಕಾಫಿ. ನಾನು ಆ ಫೋನಿನ ಕಪ್ಪು ಮುಖವನ್ನೇ ನೋಡುತ್ತಾ ಕೂತಿದ್ದೆ. ಇಷ್ಟು ವರ್ಷದಲ್ಲಿ ಒಂದು ಕೆಟ್ಟ ಫೋಟೋಕ್ಕಾಗಿ ನಾನು ಹಾಗೆ ಹಂಬಲಿಸಿದ್ದಿಲ್ಲ.

ಹನ್ನೊಂದಕ್ಕೆ ನಾಲ್ಕು ನಿಮಿಷ ಇರುವಾಗ ಎದ್ದಿತು. ಸಣ್ಣ ಡಾಕ್ಟರು ನಿಂತುಕೊಂಡೇ ಒಂದೊಂದಾಗಿ ಸರಿಸಿ ನೋಡಿದಳು. ಬಸ್ಸಿನ ಕಿಟಕಿಯ ಪಕ್ಕ ಬಟಾಣಿ, ಮೂರು ವರ್ಷ ನಾಲ್ಕು ತಿಂಗಳ ಮಗು, ಮೂಲೆಯಲ್ಲಿ ಹೆಬ್ಬೆರಳು, ಎಡಗಣ್ಣಿನಲ್ಲಿ ಸಣ್ಣ ಹಳದಿ ಅಂಚು. ಆಮೇಲೆ ಉಯ್ಯಾಲೆಯ ಮೇಲೆ, ಸ್ವಲ್ಪ ಹೆಚ್ಚು. ಬಾಗಿಲ ಹಿಂದೆ ಅಡಗಿಕೊಂಡಾಗ, ಇನ್ನೂ ಹೆಚ್ಚು. ಮೂರು ಫೋನುಗಳಲ್ಲಿ ಒಟ್ಟು ನಲವತ್ತೊಂದು. ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಮೆಲ್ಲಮೆಲ್ಲಗೆ ತುಂಬುತ್ತಾ ಬಂದ ಹಳದಿ. ಅವಳು ಮೂರೂ ಫೋನುಗಳನ್ನು ಎದೆಗವಚಿಕೊಂಡು ಸಭೆಯ ಕೋಣೆಗೆ ಓಡಿದಳು.

ಇಷ್ಟನ್ನೆಲ್ಲ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಬೀಗಿತಿಯನ್ನು ಕೇಳಿದೆ. "ಅಳಿಸೋದು ಹೇಗೆ ಅಂತ ನಂಗೆ ಗೊತ್ತಿಲ್ಲ" ಎಂದರು. ಆ ಹಳದಿ ಕಂಡು ಏನೂ ಅನ್ನಿಸಲಿಲ್ಲವೇ ಎಂದು ಇನ್ನೊಂದು ಪ್ರಶ್ನೆ ಕೇಳಿದ್ದು ನನ್ನ ಗ್ರಹಚಾರ. ಅವರು ನನ್ನನ್ನು ನೋಡಿದ ರೀತಿಯಲ್ಲಿ ಒಂದಿಷ್ಟೂ ವಿಷವಿರಲಿಲ್ಲ. "ನನ್ನ ಫೋಟೋ ಕೆಟ್ಟದಾಗೇ ಬರೋದು ಅಂತ ನೀವೇ ಹೇಳ್ತಿದ್ರಲ್ಲ ಬೀಗಿತಿಯವರೇ. ಕಲಿತವರು, ಸರಿಯಾಗೇ ಹೇಳ್ತಿರ್ತೀರಿ ಅಂತ ಸುಮ್ನಾದೆ."

ಸಭೆ ಒಂದು ಗಂಟೆ ಇಪ್ಪತ್ತು ನಿಮಿಷ ನಡೆಯಿತು. ದೊಡ್ಡ ಡಾಕ್ಟರು ಹೊರಗೆ ಬಂದು, ಎಂದಿನಂತೆ ಅಳಿಯನಿಗೆ, ಗಡ್ಡೆಯಾಗಿದ್ದರೆ ಮೂರು ವರ್ಷ ಕೈಕಟ್ಟಿ ಕೂರುತ್ತಿರಲಿಲ್ಲ, ಇದು ರಕ್ತನಾಳದ್ದೇ, ಮೊದಲಿನಿಂದಲೂ ತಮಗೆ ಆ ಅನುಮಾನ ಇತ್ತು ಎಂದರು. ಮೊದಲಿನಿಂದಲೂ ಇತ್ತಂತೆ. ಶುಕ್ರವಾರ ನನ್ನ ಕಿವಿಯಾರೆ ಕೇಳಿದ ಮಾತು ಬುಧವಾರದ ಹೊತ್ತಿಗೆ ಅವರ ಬಾಯಲ್ಲಿ ಬೇರೆಯಾಗಿತ್ತು. ಎಷ್ಟು ಲೀಲಾಜಾಲವಾಗಿ ತಿದ್ದಿಬಿಟ್ಟರು ನೋಡು, ಕುಂಚವೂ ಬೇಕಾಗಲಿಲ್ಲ. ಈಗ ಈ ಕೇಸನ್ನು ಯಾವುದೋ ಸಮ್ಮೇಳನದಲ್ಲಿ ಮಂಡಿಸುತ್ತಾರಂತೆ. ನನ್ನ ಫೋಟೋ ಒಂದು ಬದಿಗೆ, ಬೀಗಿತಿಯದು ಇನ್ನೊಂದು ಬದಿಗೆ ಹಾಕಿ ತೋರಿಸುತ್ತಾರಂತೆ. ಮಗಳು ಒಪ್ಪಿಗೆಯ ಕಾಗದಕ್ಕೆ ಓದದೆ ಸಹಿ ಹಾಕಿದಳು.

ಮಾರನೆಯ ವಾರ ಚಿಕಿತ್ಸೆಯಾಯಿತು. ಮಗುವಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಪರದೆಯ ಹಿಂದೆ ತುಂಬಿದ್ದ ನೀರನ್ನು ಹೊರಗೆ ತೆಗೆದು, ಉಬ್ಬಿದ ನಾಳಗಳನ್ನು ಲೇಸರಿನಿಂದ ಸುಟ್ಟರು. ಲೇಸರು ಸರಿಯಾಗಿ ಮುಟ್ಟದ ಅಂಚಿನವನ್ನು ಹೊರಗಿನಿಂದ ತಣ್ಣನೆಯ ಕಡ್ಡಿ ಒತ್ತಿ ಹೆಪ್ಪುಗಟ್ಟಿಸಿದರು. ಸೋರುವುದನ್ನು ತಡೆಯಲು ಕಣ್ಣಿನೊಳಗೆ ಒಂದು ಇಂಜೆಕ್ಷನ್. ಇಷ್ಟಕ್ಕೇ ಮುಗಿಯುವುದಿಲ್ಲ, ಕೆಲವು ತಿಂಗಳಿಗೊಮ್ಮೆ ನೋಡುತ್ತಿರಬೇಕು, ಹೊಸ ನಾಳ ಉಬ್ಬಿದರೆ ಮತ್ತೆ ಸುಡಬೇಕು, ವರ್ಷಗಟ್ಟಲೆ. ಬಟಾಣಿ ಎಚ್ಚರವಾದ ಕೂಡಲೇ ಕೇಳಿದ್ದು, ಲೇಸರ್ ಇನ್ನೂ ಒಳಗೇ ಇದೆಯಾ, ನಾನು ಗೋಡೆ ದಿಟ್ಟಿಸಿದರೆ ತೂತು ಬೀಳುತ್ತಾ ಎಂದು. ಬೀಗಿತಿ ಅವನ ಪಟ್ಟಿಯ ಫೋಟೋ ಹನ್ನೊಂದು ತೆಗೆದರು, ಎಲ್ಲದಕ್ಕೂ ಫ್ಲಾಶ್. ಅಡ್ಡ ಬಂದ ದಿಂಬನ್ನು ನಾನೇ ಸರಿಸಿಕೊಟ್ಟೆ.

ಪರದೆ ಬಹುಪಾಲು ಗೋಡೆಗೆ ಕೂತಿದೆ. ಕಣ್ಣು ಇರುತ್ತದೆ, ಅವನದೇ ಕಣ್ಣು, ಅವನ ಜೊತೆಗೇ ಬೆಳೆಯುತ್ತದೆ. ಆದರೆ ಕಾಣುವುದಿಲ್ಲ. ದೀಪ ಹಾಕಿದರೆ ಹಾಕಿದ್ದಾರೆಂದು ಗೊತ್ತಾಗುತ್ತದೆ, ಅಷ್ಟೇ. ಬಲಗಣ್ಣಿಗೆ ಪೆಟ್ಟಾಗದಂತೆ ಜೀವಮಾನವಿಡೀ ಗಟ್ಟಿ ಕನ್ನಡಕ ಹಾಕಿಕೊಳ್ಳಬೇಕು. ಬೇಗ ಬಂದಿದ್ದರೆ ಎಂದು ಸಣ್ಣ ಡಾಕ್ಟರನ್ನು ಒಬ್ಬಳೇ ಇರುವಾಗ ಕೇಳಿದೆ. ಅವಳು ಸುಳ್ಳು ಹೇಳುವ ಜಾತಿಯಲ್ಲ. ಬಸ್ಸಿನ ಫೋಟೋದ ಕಾಲಕ್ಕೆ ಬಂದಿದ್ದರೆ ಸೋರಿಕೆ ಒಂದು ಅಂಚಿನಲ್ಲಿ ಮಾತ್ರ ಇದ್ದಿರಬೇಕು, ಎರಡು ಮೂರು ಸಲದ ಲೇಸರಿನಲ್ಲಿ ನಿಲ್ಲಿಸಿ ಓದುವಷ್ಟು ದೃಷ್ಟಿ ಉಳಿಸಬಹುದಿತ್ತೇನೋ ಎಂದಳು. ‘ಏನೋ’ ಎಂದು ಸೇರಿಸಿದ್ದು ನನಗೋಸ್ಕರ.

ಮೊನ್ನೆ ಅಳಿಯ ನನ್ನ ಆಲ್ಬಮ್ಮುಗಳನ್ನು ಕಪಾಟಿನಿಂದ ತೆಗೆದು ಮಂಚದ ಕೆಳಗೆ ತಳ್ಳಿದ. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನಾನೇ ಎತ್ತಿಕೊಡುತ್ತಿದ್ದೆ. ನೂರಾ ಅರವತ್ತು ಫೋಟೋ, ಅದರಲ್ಲಿ ನಮ್ಮ ಹುಡುಗ ಒಂದರಲ್ಲೂ ಇಲ್ಲ.

ಇದನ್ನು ಓದಿ ನೀನು ನಿನ್ನ ಕೈಯನ್ನು ಅನುಮಾನದಿಂದ ನೋಡಿಕೊಳ್ಳಬೇಡ. ನೀನು ಅಳಿಸಿದ್ದು ಮೊಡವೆ. ನಿನ್ನ ಮೊಮ್ಮಕ್ಕಳ ಫೋಟೋಗಳನ್ನು ಮಾತ್ರ ಒಮ್ಮೆ ಫ್ಲಾಶ್ ಹಾಕಿ ತೆಗೆದು ಹಸಿಯಾಗಿಯೇ ನೋಡು. ಒಂದು ಕಣ್ಣು ಇನ್ನೊಂದರಂತಿಲ್ಲದಿದ್ದರೆ ಬೆಳಕಿನ ಮೇಲೆ ಗೂಬೆ ಕೂರಿಸದೆ ಅವತ್ತೇ ಕರೆದುಕೊಂಡು ಹೋಗು. ಆ ಮಕ್ಕಳಿಗೆ ನನ್ನ ಆಶೀರ್ವಾದ. ಎರಡೂ ಕಣ್ಣಿನಿಂದ ಬೇಕಾದ್ದು ಬೇಡದ್ದು ಎಲ್ಲವನ್ನೂ ನೋಡುತ್ತಾ ನೂರು ಕಾಲ ಬಾಳಲಿ. ನಿನ್ನ ಮಂಡಿಗೂ ಒಳ್ಳೆಯದಾಗಲಿ.

ನಿನ್ನ,
ಮಸಿ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ, ಇನ್ಯಾರಿಗೂ ಹೇಳುವಂತಿಲ್ಲ. ಬಸ್ಸಿನ ಫೋಟೋ ತೆಗೆದ ಆ ತಿಂಗಳಲ್ಲೇ ಮಗಳು ತನ್ನ ಫೋನು ತಂದು, "ಅಮ್ಮ, ಈ ಕಣ್ಣು ನೋಡು, ಬೆಕ್ಕಿನ ಕಣ್ಣಿನ ಥರ ಇದೆ. ಗುರುವಾರಕ್ಕೆ ಕಣ್ಣಿನ ಡಾಕ್ಟರ್ ಹತ್ರ ಹೆಸರು ಬರೆಸಿದೀನಿ" ಎಂದಿದ್ದಳು. ನಾನು ನಕ್ಕೆ. ಬೆಳಕು ಎಲ್ಲಿ ಬಿದ್ದು ಎಲ್ಲಿಂದ ವಾಪಸು ಬರುತ್ತದೆ ಎಂದು ಪುಸ್ತಕ ತೆಗೆದು ಚಿತ್ರ ಬರೆದು ಅರ್ಧ ಗಂಟೆ ಪಾಠ ಮಾಡಿದೆ, ಫ್ಲಾಶ್ ಹಾಕಿ ಮಗುವಿನ ಫೋಟೋ ನೀನು ತೆಗೆಯಬೇಡ, ನಾನು ತೆಗೆದುಕೊಡುತ್ತೇನೆ ಎಂದೆ. ಅವಳು ನನ್ನೆದುರೇ ಆ ಫೋಟೋ ಅಳಿಸಿ, ಫೋನ್ ಮಾಡಿ ಗುರುವಾರದ ಹೆಸರು ತೆಗೆಸಿದಳು. ಎರಡು ತಿಂಗಳಾದ ಮೇಲೆ ನಾನು ಕೊಟ್ಟ ಪ್ರಿಂಟುಗಳನ್ನು ನೋಡಿ, "ನೀನು ಹೇಳಿದ್ದೇ ಸರಿ ಅಮ್ಮ, ಈಗ ಹಾಗೆ ಬರ್ತಿಲ್ಲ" ಎಂದಳು. ನಾನು, ನೋಡಿದೆಯಾ ಎಂದೆ.

ಆಸ್ಪತ್ರೆಯಲ್ಲಿ ಇಷ್ಟೆಲ್ಲ ನಡೆದರೂ ಅವಳು ಆ ಗುರುವಾರದ ಮಾತೆತ್ತಿಲ್ಲ. ಮರೆತಿದ್ದಾಳೆ ಎಂದೇ ಇಷ್ಟು ದಿನ ನನಗೆ ನಾನು ಹೇಳಿಕೊಂಡೆ. ನಿನ್ನೆ ಸಂಜೆ ಬಟಾಣಿಯ ಕಣ್ಣಿಗೆ ಹನಿ ಹಾಕಿ ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಇವತ್ತು ಕೇಳಿಯೇಬಿಡುತ್ತೇನೆಂದು ಹತ್ತಿರ ಹೋಗಿ ನಿಂತೆ. ಅವಳು ತಲೆಯೆತ್ತಲಿಲ್ಲ. "ಬೇಡಮ್ಮ" ಎಂದಳು.

ನಾನು ಇನ್ನೂ ಏನೂ ಕೇಳಿರಲಿಲ್ಲ.